ನಡುವಿನ ಪೆಟ್ಟಿಗೆ

ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ. ಊರಿನವರಿಗೆ ಇತ್ತು, ಅದು ಬೇರೆ ಮಾತು. ಅರಳಿಕಟ್ಟೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಬಸ್ಸಿಗೆ ಹೊತ್ತಾಯಿತೆಂದು ಜನ ಎದ್ದು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಯಾವ ಬಸ್ಸೂ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಮನೆಯಲ್ಲಿ ಹಾಗಲ್ಲ. ನನ್ನ ಹೆಂಡತಿ ಗಿರಿಜೆ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅಪರೂಪಕ್ಕೊಮ್ಮೆ ನಗುತ್ತಿದ್ದವಳು ಈಚೀಚೆಗೆ ನಾನು ಹೇಳಿದ್ದಕ್ಕೆಲ್ಲ ನಗತೊಡಗಿದ್ದಳು. ಇಷ್ಟು ವರ್ಷಕ್ಕೆ ನನ್ನ ಹಾಸ್ಯ ಮಾಗಿತು ಎಂದು ನಾನು ತಿಳಿದುಕೊಂಡೆ.

ನಮ್ಮದು ಮಾಲೇಕಲ್ಲು ಬೆಟ್ಟದ ಕೆಳಗೆ ತೆಂಗಿನ ತೋಟ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ಅರಸೀಕೆರೆ ಮಾರುಕಟ್ಟೆಗೆ ಹಾಕುವವರು ನಾವು. ಅಟ್ಟದ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಒಣಗಿದ ಉಂಡೆ ಚಿಪ್ಪಿಗೆ ಬಡಿದು ಗಡಗಡ ಎಂದರೆ ಇಳಿಸಬಹುದು. ನಮ್ಮ ಮನೆಯಲ್ಲಿ ಈ ಖಾತೆ ಗಿರಿಜೆಯದು. ಅವಳು "ಆಗೈತೆ" ಎಂದರೆ ಆಯಿತು, ಅದರ ಮೇಲೆ ಅಪೀಲು ಇಲ್ಲ. ಈ ಸಲ ಮಾತ್ರ ಅವಳು ಆಗಿದೆ ಎಂದು ಇಳಿಸಿದ ಕಾಯಿಗಳನ್ನು ಒಡೆದರೆ ಎಷ್ಟೋ ಕಾಯಿಯಲ್ಲಿ ಇನ್ನೂ ನೀರಿತ್ತು. ಸುಲಿಯುವವರು ಗೊಣಗಿದರು. ನಾನು ಮಳೆಗಾಲವನ್ನು ಬೈದೆ.

ಇದರ ನಡುವೆ ನಮ್ಮ ಟಿವಿಯ ಧ್ವನಿ ದಿನದಿನಕ್ಕೂ ಏರತೊಡಗಿತು. ಸಂಜೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯನ್ನು ಬೈದರೆ ಪಕ್ಕದ ಮನೆಯ ಮಲ್ಲಣ್ಣನ ದನಗಳು ಕೊಟ್ಟಿಗೆಯಲ್ಲಿ ಎದ್ದು ನಿಲ್ಲುತ್ತಿದ್ದವು. ಅಷ್ಟಾದರೂ ಗಿರಿಜೆ ಮಣೆಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು, ಇದರಲ್ಲಿ ಮಾತೇ ಬಿಡಿಸಿ ಕೇಳುವುದಿಲ್ಲ, ಬರೀ ಗೊಣಗೊಣ ಅನ್ನುತ್ತದೆ ಎಂದು ದೂರುತ್ತಿದ್ದಳು. ಒಂದು ದಿನ ಮಲ್ಲಣ್ಣ ಬೇಲಿಯ ಹತ್ತಿರ ನಿಂತು ದನಿ ತಗ್ಗಿಸಿದ.

"ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಅಕ್ಕೋರ ಕಿವೀನ ಒಂದ್ಸಲ ಹಾಸನದಲ್ಲಿ ತೋರ್ಸಿ."

ನಾನು ಬೇಜಾರು ಮಾಡಿಕೊಂಡೆ. ಧಾರಾಳವಾಗಿಯೇ ಮಾಡಿಕೊಂಡೆ. ಅಟ್ಟದ ಲೆಕ್ಕವಿಲ್ಲದಷ್ಟು ಕಾಯಿಗಳಿಗೆ ತೀರ್ಪು ಕೊಟ್ಟ ಕಿವಿ ಅದು, ಅದರ ವಿಚಾರಣೆ ಮಾಡಲು ಇವನು ಯಾರು? ತಪ್ಪು ಟಿವಿಯದೇ ಎಂದು ಬೇಲಿಯ ಹತ್ತಿರವೇ ನಿರ್ಧರಿಸಿದೆ. ಒಂದು ಒಳ್ಳೆಯ ಹೋಮ್ ಥಿಯೇಟರ್ ತಂದರೆ ಮಾತು ಮಣಿ ಪೋಣಿಸಿದ ಹಾಗೆ ಕೇಳುತ್ತದೆ ಎಂದು ಒಳಗೆ ಬಂದು ಗಿರಿಜೆಗೆ ಹೇಳಿದೆ. ಅವಳ ಮುಖ ಅರಳಿತು. ಟಿವಿಯದೇ ದೋಷ ಎಂದು ತಾನೂ ಹೇಳಿದಳು, ಎರಡೆರಡು ಸಲ ಹೇಳಿದಳು. ಟಿವಿ ಕೆಟ್ಟಿದೆ ಎಂದರೆ ಒಬ್ಬ ಹೆಂಗಸಿಗೆ ಅಷ್ಟು ನೆಮ್ಮದಿ ಯಾಕಾಗಬೇಕು ಎಂದು ನಾನು ಯೋಚಿಸಬೇಕಿತ್ತು. ಯೋಚನೆ ನಮ್ಮ ವಂಶದ ಕಸುಬಲ್ಲ.

ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವನು. ಪಾಸಾಗಲಿಲ್ಲ, ಆದರೆ ಓದಿದ್ದು ಓದಿದ್ದೇ. ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡಿ ವಿಷಯವನ್ನು ಅರೆದು ಕುಡಿದೆ. ಹೋಮ್ ಥಿಯೇಟರಿಗೆ ಜೀವವೇ ರಿಸೀವರು. ಟಿವಿಯಿಂದ ಬರುವ ಶಬ್ದವನ್ನು ತೆಗೆದುಕೊಂಡು, ಇಷ್ಟು ಮುಂದಿನ ಸ್ಪೀಕರ್ ಪೆಟ್ಟಿಗೆಗೆ, ಇಷ್ಟು ಹಿಂದಿನ ಪೆಟ್ಟಿಗೆಗೆ ಎಂದು ಪಾಲು ಹಂಚುವ ಮನೆಯ ಹಿರಿಯ ಅದು. ಮುಂದೆ ಎರಡು ಪೆಟ್ಟಿಗೆ, ಹಿಂದೆ ಎರಡು, ಟಿವಿಯ ಕೆಳಗೆ ನಡುವೆ ಒಂದು. ಮಾತೆಲ್ಲ ಆ ನಡುವಿನ ಪೆಟ್ಟಿಗೆಯಲ್ಲೇ ಬರುತ್ತದೆ ಎಂದು ವಿಡಿಯೋದವನು ಹೇಳಿದ್ದನ್ನು ನಾನು ಕೇಳಿಯೂ ಇದ್ದೆ. ಆದರೆ ಅವನು ಒಂದೇ ಉಸಿರಿಗೆ ಶಬ್ದದ ಜೋರು ಅಳೆಯುವ ವ್ಯಾಟಿನ ವಿಷಯವನ್ನೂ ಹೇಳಿಬಿಟ್ಟ. ನಾನು ವ್ಯಾಟನ್ನು ಹಿಡಿದುಕೊಂಡು ಮಾತನ್ನು ಬಿಟ್ಟೆ.

ಅರಸೀಕೆರೆಯ ಅಂಗಡಿಯವನು ನನ್ನ ಬಜೆಟ್ ಕೇಳಿ ಬಹಳ ಗೌರವದಿಂದ ಕುಡಿಯಲು ನೀರು ಕೊಟ್ಟ. ಆ ದುಡ್ಡಿಗೆ ರಿಸೀವರು ಬಂದರೆ ಪೆಟ್ಟಿಗೆ ಬರುವುದಿಲ್ಲ, ಪೆಟ್ಟಿಗೆ ಬಂದರೆ ರಿಸೀವರು ಬರುವುದಿಲ್ಲ. ಎಲ್ಲ ಸೇರಿದ ಒಂದು ಸಣ್ಣ ಸೆಟ್ಟು ಇದೆ, ಮನೆ ಮಟ್ಟಿಗೆ ಇದೇ ಸಾಕು ಎಂದು ತೋರಿಸಿದ. ಎತ್ತಿ ನೋಡಿದೆ. ಹಗುರವಾಗಿತ್ತು. ಗೊನೆಯಿಂದ ಬಿದ್ದ ಕಾಯಿ ಹಗುರವಾಗಿದ್ದರೆ ಒಳಗೆ ಪೊಳ್ಳು ಎನ್ನುವುದು ತೆಂಗು ಬೆಳೆಯುವವರಿಗೆಲ್ಲ ಗೊತ್ತು. ಅದೇ ಸೂತ್ರವನ್ನು ಎಲೆಕ್ಟ್ರಾನಿಕ್ಸಿಗೆ ಹಚ್ಚಿ ಬೇಡವೆಂದು ಎದ್ದು ಬಂದೆ. ಆ ಸಣ್ಣ ಸೆಟ್ಟಿನಲ್ಲಿ ನಡುವಿನ ಪೆಟ್ಟಿಗೆಯೂ ಇತ್ತು!

ಕೊನೆಗೆ ಬಿಕ್ಕೋಡಿನ ಹತ್ತಿರ ಒಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರು ತಮ್ಮ ಹಳೆಯ ರಿಸೀವರನ್ನು ಮಾರುತ್ತಾರೆಂದು ಫೋನಿನಲ್ಲೇ ಗೊತ್ತಾಯಿತು. ಹೋಗಿ ಎತ್ತಿ ನೋಡಿದೆ. ಸೊಂಟ ಹಿಡಿಯಿತು. ತಕ್ಷಣ ಒಪ್ಪಿಕೊಂಡೆ. ಅದರ ರಿಮೋಟನ್ನು ನಾಯಿ ಅಗಿದಿತ್ತು, ಆದರೂ ಒತ್ತಿದರೆ ಕೆಲಸ ಮಾಡುತ್ತಿತ್ತು. ಗಿರಿಜೆಯ ಹಳೆ ಸೀರೆಯಲ್ಲಿ ಯಂತ್ರವನ್ನು ಸುತ್ತಿ, ಬೇಲೂರಿನಲ್ಲಿ ಬಸ್ಸು ಬದಲಿಸಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹಳೇಬೀಡು ದಾಟಿದ ಮೇಲೆ ಪಕ್ಕದ ಸೀಟಿನ ಅಜ್ಜಿ, ಗಂಟಿನೊಳಗೆ ಏನು ಎಂದು ಕೇಳಿತು. ಸಿನಿಮಾ ಥಿಯೇಟರು ಎಂದೆ. ಅಜ್ಜಿ ಗಂಟಿನ ಸೀರೆಯ ಸೆರಗು ಎತ್ತಿ ಒಳಗೆ ಇಣುಕಿ, ಬಾಲ್ಕನಿ ಎಲ್ಲಿದೆ ಎಂದಿತು. ಅಷ್ಟರಲ್ಲಿ ಕಂಡಕ್ಟರು ಲಗೇಜಿಗೆ ಟಿಕೆಟ್ ತೆಗೆದುಕೊಳ್ಳಿ ಎಂದ. ಥಿಯೇಟರು ನನ್ನದು, ಟಿಕೆಟ್ಟು ನೀನು ತೆಗೆದುಕೊಳ್ಳಬೇಕು ಎಂದೆ ನಾನು! ಇಡೀ ಬಸ್ಸು ನಕ್ಕಿತು ಎಂದು ಹೇಳುವ ಆಸೆ ಇದೆ. ಅಜ್ಜಿ ಮಾತ್ರ ನಕ್ಕಿತು, ಅದೂ ಕೆಮ್ಮಿರಬಹುದು. ಮನೆಗೆ ಬಂದು ಗಿರಿಜೆಗೆ ಇದನ್ನೆಲ್ಲ ಅಭಿನಯ ಸಮೇತ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಇಂಥ ಹೆಂಡತಿಗೆ ಎಷ್ಟು ವ್ಯಾಟ್ ತಂದರೂ ಕಡಿಮೆ ಅನ್ನಿಸಿತು.

ಪೆಟ್ಟಿಗೆಗಳು ಮಾದಿಹಳ್ಳಿಯಿಂದ ಬಂದವು. ಅಲ್ಲಿ ಲೋಕೇಶ ಎಂಬವನು ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಎಷ್ಟೋ ಮದುವೆಗಳ ವಾಲಗ, ಜಗಳ, ಬೀಗರ ಭಾಷಣ ಎಲ್ಲವನ್ನೂ ನುಂಗಿದ ಕರೀ ಪೆಟ್ಟಿಗೆಗಳನ್ನು ನನಗೆ ಅಗ್ಗಕ್ಕೆ ಬಿಟ್ಟುಕೊಟ್ಟ. ನಾಲ್ಕೇ ಇದ್ದವು. ದುಡ್ಡೂ ನಾಲ್ಕಕ್ಕೇ ಇತ್ತು. ಐದನೆಯದನ್ನು ಮುಂದಿನ ಕೊಬ್ಬರಿ ಮಾರಿದ ಮೇಲೆ ನೋಡೋಣ ಎಂದುಕೊಂಡು, ಮಂಟಪಕ್ಕೆ ಕಂಬ ನಿಲ್ಲಿಸಿದ ಹಾಗೆ ನಡುಮನೆಯ ನಾಲ್ಕು ಮೂಲೆಗೆ ನಾಲ್ಕನ್ನು ನಿಲ್ಲಿಸಿದೆ.

ಯಂತ್ರಕ್ಕೆ ತಂತಿಗಳನ್ನೆಲ್ಲ ಚುಚ್ಚಿ ಶುರು ಮಾಡಿದರೆ ಅದು ಟಿವಿಯ ಪರದೆಯ ಮೇಲೆ ಪ್ರಶ್ನೆ ಕೇಳತೊಡಗಿತು. ಮುಂದಿನ ಪೆಟ್ಟಿಗೆ ಇವೆಯೇ? ಇವೆ. ಹಿಂದಿನವು? ಇವೆ. ನಡುವಿನ ಪೆಟ್ಟಿಗೆ ಇದೆಯೇ? ಇಲ್ಲಿ ನಾನು ತಡವರಿಸಿದೆ. ಪಡಿತರ ಚೀಟಿಗೆ ಅರ್ಜಿ ಹಾಕುವಾಗ ಇದ್ದದ್ದನ್ನೂ ಇಲ್ಲ ಎಂದು ಬರೆಸಿದವನು ನಾನು. ಆದರೆ ಕಾಫಿ ತೋಟದ ಬಂಗಲೆಯಲ್ಲಿ ಬಾಳಿ ಬಂದ ಯಂತ್ರದ ಮುಂದೆ ಬಡತನ ತೋರಿಸಿಕೊಳ್ಳಲು ಮನಸ್ಸು ಬರಲಿಲ್ಲ. ಹೇಗೂ ಮುಂದೆ ತರುವುದೇ ಅಲ್ಲವೇ? ಇದೆ ಎಂದು ಒತ್ತಿದೆ. ಪಾಪ, ಯಂತ್ರ ನಂಬಿತು.

ಮೊದಲ ಪ್ರದರ್ಶನಕ್ಕೆ ಮಲ್ಲಣ್ಣನನ್ನೂ ಅವನ ಹೆಂಡತಿ ಕಮಲಮ್ಮನನ್ನೂ ಕರೆದೆ. ಪ್ರೀತಿಯಿಂದ ಅಲ್ಲ, ಸೇಡಿನಿಂದ. ಗಿರಿಜೆ ಮಂಡಕ್ಕಿ ಕಲಸಿ, ಕಾಫಿ ಕೊಟ್ಟು, ಒಳ್ಳೆಯ ಸೀರೆ ಉಟ್ಟು ಬಂದು ನನ್ನ ಪಕ್ಕ ಕೂತಳು. ಟಿವಿಯಲ್ಲಿ ಯಾವುದೋ ಹೊಸ ಸಿನಿಮಾ. ಮೊದಲಿಗೇ ಒಂದು ಗುಡುಗು ಹೊಡೆಯಿತು ನೋಡಿ! ಅಟ್ಟದ ಮೇಲಿನ ಕಾಯಿಗಳೆಲ್ಲ ಒಟ್ಟಿಗೆ ಗಡಗಡ ಎಂದವು. ಮಲ್ಲಣ್ಣ ಕಾಫಿ ಚೆಲ್ಲಿಕೊಂಡು ಮೇಲೆ ನೋಡಿದ. ಕಮಲಮ್ಮ ಮೇಲೆ ನೋಡಿದಳು. ಗಿರಿಜೆ ನೋಡಲಿಲ್ಲ. ಅಟ್ಟದ ದೂಳು ತಲೆಯ ಮೇಲೆ ಬಿದ್ದಾಗ ಅವಳೂ ನೋಡಿದಳು.

ಆಮೇಲೆ ಕಥೆ ಶುರುವಾಯಿತು. ತಾಯಿಯೊಬ್ಬಳು ಹಾಸಿಗೆ ಹಿಡಿದಿದ್ದಾಳೆ, ಮಗನ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಾಳೆ. ಹಿಂದೆ ಪಿಟೀಲು ಅಳುತ್ತಿದೆ, ಎಲ್ಲೋ ಕಾಗೆ ಕೂಗುತ್ತಿದೆ, ಗಡಿಯಾರ ಟಿಕ್‌ಟಿಕ್ ಅನ್ನುತ್ತಿದೆ. ತಾಯಿಯ ತುಟಿ ಅಲ್ಲಾಡುತ್ತಿದೆ, ಮಾತಿಲ್ಲ. ಮಗನ ತುಟಿ ಅಲ್ಲಾಡುತ್ತಿದೆ, ಮಾತಿಲ್ಲ. ಧ್ವನಿ ಏರಿಸಿದೆ. ಕಾಗೆ ಕಿವಿಯಲ್ಲೇ ಕೂಗಿತು. ಆಗ ತಿಳಿಯಿತು, ನಾನು ಇದೆ ಎಂದು ಒತ್ತಿದ ಇಲ್ಲದ ಪೆಟ್ಟಿಗೆಗೆ ಯಂತ್ರ ಅಷ್ಟೂ ಮಾತನ್ನು ಪ್ರಾಮಾಣಿಕವಾಗಿ ಕಳಿಸುತ್ತಿದೆ! ಮಲ್ಲಣ್ಣನ ಮುಂದೆ ಮಾನ ಹೋಯಿತಲ್ಲ ಎಂದು ಬೆವರುತ್ತ, ಏನಾದರೂ ತಮಾಷೆ ಮಾಡಿ ಮುಚ್ಚಿಹಾಕೋಣವೆಂದು ಗಿರಿಜೆಯ ಕಡೆ ತಿರುಗಿದೆ. ಅವಳು ಪರದೆಯಿಂದ ನನ್ನ ಮುಖಕ್ಕೆ ಕಣ್ಣು ತಂದಳು. ನಾನು ಏನೋ ಕೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಬೇಕು.

"ತುಂಬ ಚೆನ್ನಾಗೈತೆ ಕಣ್ರೀ," ಎಂದಳು. "ಈಗ ಒಂದೊಂದು ಮಾತೂ ಬಿಡಿಸಿ ಕೇಳ್ತೈತೆ."

ಮಲ್ಲಣ್ಣ ನೆಲ ನೋಡಿದ. ಕಮಲಮ್ಮ ಖಾಲಿ ಲೋಟವನ್ನು ಎತ್ತಿ ಕಾಫಿ ಕುಡಿದಳು. ಇಬ್ಬರೂ ಸಿನಿಮಾ ಮುಗಿಯುವ ತನಕ ಕೂತಿದ್ದರು, ಚೆನ್ನಾಗಿತ್ತು ಎಂದು ಗಿರಿಜೆಗೆ ಹೇಳಿಯೇ ಹೋದರು. ಮಲ್ಲಣ್ಣ ಒಂದು ಮಾತು ಆಡಿಕೊಂಡಿದ್ದರೂ ನಾನು ಅವನ ಮೇಲೆ ರೇಗಿ ಹಗುರವಾಗುತ್ತಿದ್ದೆ. ಅವನು ಆಡಲಿಲ್ಲ. ಅವರು ಹೋದ ಮೇಲೆ ನಾಯಿ ಅಗಿದ ರಿಮೋಟನ್ನು ಒತ್ತಿ ಒತ್ತಿ, ನಡುವಿನ ಪೆಟ್ಟಿಗೆ ಇಲ್ಲ ಎಂದು ಯಂತ್ರಕ್ಕೆ ನಿಜ ಹೇಳಿದೆ. ತಕ್ಷಣ ವಾರ್ತೆ ಓದುವವಳ ಮಾತು ಮನೆಯೆಲ್ಲ ತುಂಬಿತು. ಗಿರಿಜೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ನನಗೆ ಭಯವಾಯಿತು. ಮದುವೆಯಾದಾಗಿನಿಂದ ನನಗೆ ಅಂಥ ಭಯ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಹಿಂದೆಯೇ ಅಟ್ಟ ಹತ್ತಿದೆ. ಅವಳು ಎಂದಿನಂತೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೈಯಲ್ಲಿ ತೂಗಿ, ಸ್ವಲ್ಪ ಯೋಚಿಸಿ, ಆದ ಕಾಯಿಗಳ ರಾಶಿಗೆ ಹಾಕಿದಳು. ನಾನು ಅದನ್ನೇ ಎತ್ತಿಕೊಂಡು ಅಲ್ಲಾಡಿಸಿದೆ. ನೀರು ಕುಲುಕಿತು. ಅವಳಿಗೆ ಕಾಣುವ ಹಾಗೆ ಎದುರಿಗೆ ಹೋಗಿ ಕೂತೆ.

"ಇದ್ರಲ್ಲಿ ನೀರೈತೆ ಕಣೇ."

ಅವಳು ಕಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಸುಳ್ಳು ಹೇಳಲು ಬಾಯಿ ತೆರೆದವಳು ಅದನ್ನು ಅಲ್ಲಿಗೇ ಬಿಟ್ಟಳು.

"ನಮ್ಮವ್ವನ ಹೆಸರು ಪಾರ್ವತಿ," ಎಂದಳು. "ಕಿವಿ ಹೋದ ಮೇಲೆ ಯಾರೂ ಹಂಗೆ ಕರೀಲಿಲ್ಲ. ಊರಿಗೆಲ್ಲ ಕೆಪ್ಪಮ್ಮ. ಸತ್ತಾಗ್ಲೂ ಕೆಪ್ಪಮ್ಮ ಹೋದ್ಲು ಅಂದ್ರು. ನಾನು ಆದಷ್ಟು ದಿನ ಗಿರಿಜೆ ಆಗೇ ಇರಾನ ಅಂತಿದ್ದೆ."

ಅವಳು ಅತ್ತಳು. ನಾನೂ ಅತ್ತೆ. ಅಟ್ಟದ ದೂಳಿಗೆ ಇಬ್ಬರಿಗೂ ಸೀನು ಬಂದು ಅಳುವುದಕ್ಕೂ ಸರಿಯಾಗಿ ಆಗಲಿಲ್ಲ.

ಹಾಸನದ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯ ನರ ಸೋಲುತ್ತಿದೆ, ಕಿವಿಗೆ ಮಷೀನು ಹಾಕಿದರೆ ಇನ್ನೂ ಕೆಲ ಕಾಲ ಕೇಳಬಹುದು ಎಂದರು. ಮೊದಲೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಅವರು ಪೂರ್ತಿ ಮಾಡುವುದು ಬೇಕಿರಲಿಲ್ಲ. ಅವಳ ಕಿವಿ ಸೋಲುತ್ತಿದ್ದ ದಿನಗಳಲ್ಲಿ ನಾನು ವ್ಯಾಟು ಅಳೆಯುತ್ತಿದ್ದೆ. ಮಷೀನಿನ ಖರ್ಚಿಗೆ ರಿಸೀವರನ್ನು ಲೋಕೇಶನಿಗೇ ಮಾರಿದೆ, ಪೆಟ್ಟಿಗೆಗಳನ್ನೂ ಅವನೇ ವಾಪಸು ಒಯ್ದ. ಈಗ ಅವು ಮತ್ತೆ ಮದುವೆಗಳಿಗೆ ಹೋಗುತ್ತಿವೆ. ಅಟ್ಟದ ಕಾಯಿ ನೋಡುವುದು ನನ್ನ ಕೆಲಸವಾಗಿದೆ. ಅವಳಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.

ಮಷೀನು ಬಂದ ಸಂಜೆ ಅವಳು ಅದನ್ನು ಬಲಗಿವಿಗೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತಳು. ಮಲ್ಲಣ್ಣನ ದನದ ಗಂಟೆ, ದೂರದ ರೈಲು, ಎಲ್ಲ ಕೇಳುತ್ತಿದೆ ಎಂದಳು. ನನ್ನ ಎದೆ ಉಬ್ಬಿತು. ಎದುರಿಗೆ ಕೂತು, ರಿಸೀವರನ್ನು ಬಸ್ಸಿನಲ್ಲಿ ತಂದ ಕಥೆಯನ್ನು ಮೊದಲಿನಿಂದ ಹೇಳಿದೆ. ಅಜ್ಜಿ, ಬಾಲ್ಕನಿ, ಕಂಡಕ್ಟರು, ಟಿಕೆಟ್ಟು, ಒಂದನ್ನೂ ಬಿಡಲಿಲ್ಲ. ಮುಗಿಸಿ ಕಾದೆ.

ಅವಳೂ ಕಾದಳು.

"ಆಮೇಲೆ?" ಎಂದಳು.

ಆಮೇಲೆ ಏನಿಲ್ಲ, ಕಥೆ ಅಷ್ಟೇ ಎಂದೆ.

"ಅಷ್ಟೇನಾ?"

ನನ್ನ ಹಾಸ್ಯ ಎಷ್ಟು ಮಾಗಿತ್ತು ಎಂಬುದು ಆ ಒಂದು ಮಾತಿನಲ್ಲಿ ತಿಳಿಯಿತು. ಅರಳಿಕಟ್ಟೆಯವರು ಸುಮ್ಮನೆ ಎದ್ದು ಹೋಗುತ್ತಿರಲಿಲ್ಲ. ನನ್ನ ಮುಖ ಇಳಿದದ್ದನ್ನು ಗಿರಿಜೆ ನೋಡಿದಳು. ಮುಖ ಓದುವುದರಲ್ಲಿ ಅವಳಿಗೆ ಈಗ ಒಳ್ಳೆಯ ಅಭ್ಯಾಸವಿದೆ. ಕಿವಿಯಿಂದ ಮಷೀನು ತೆಗೆದು, ಸೆರಗಿನಲ್ಲಿ ಒರೆಸಿ, ಅದರ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಹೂಂ, ಈಗ ಹೇಳಿ," ಎಂದಳು.

ಹೇಳಿದೆ. ಬಸ್ಸು ಹಳೇಬೀಡು ದಾಟುವ ಮೊದಲೇ ಅವಳು ನಗಲು ಶುರು ಮಾಡಿದಳು.