ಹಲ್ಲು ಬಂದ ಮೇಲೆ ಹುಟ್ಟುವವರು

ಈ ಕಚೇರಿಯಲ್ಲಿ ಮಕ್ಕಳು ಹಲ್ಲು ಬಂದ ಮೇಲೆ ಹುಟ್ಟುತ್ತಾರೆ. ಅದಕ್ಕೆ ಮೊದಲು ಹುಟ್ಟಲು ನಿಯಮದಲ್ಲಿ ಅವಕಾಶವಿಲ್ಲ. ಹೊರಗೆ ಆಸ್ಪತ್ರೆಯಲ್ಲೋ ಮನೆಯಲ್ಲೋ ಅವರು ಹುಟ್ಟಿಕೊಳ್ಳಬಹುದು, ಅಳಬಹುದು, ಹಾಲು ಕುಡಿಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಜನನ ಮರಣ ನೋಂದಣಿ ಕಚೇರಿಯ ಮಟ್ಟಿಗೆ ಅವರು ಇನ್ನೂ ಬಂದಿಲ್ಲ.

ಇದು ಯಾರೋ ತಲೆಕೆಟ್ಟವರು ಮಾಡಿದ ನಿಯಮ ಅಂದುಕೊಳ್ಳಬೇಡಿ. ಕಚೇರಿಯ ಹಿರಿಯ ಗುಮಾಸ್ತೆ, ಎಲ್ಲರ ಬಾಯಲ್ಲಿ ದೊಡ್ಡಕ್ಕ, ಸಮಾಧಾನವಾಗಿ ಕೂತು ಯೋಚಿಸಿ, ಎಲ್ಲರ ಒಳ್ಳೆಯದಕ್ಕೇ ಅಂತ ಶುರುಮಾಡಿದ್ದು. ಅವಳ ಮನಸ್ಸಿನೊಳಗಿನ ಸಂಗತಿ ಮಾತ್ರ ಸ್ವಲ್ಪ ಬೇರೆ ಇತ್ತು. ಅದನ್ನೂ ಮುಚ್ಚಿಡುವುದು ಬೇಡ.

ಕಚೇರಿಗೆ ಒಂದು ಹೊಸ ಕಂಪ್ಯೂಟರ್ ಬಂತು. ಅದರೊಳಗೆ ಹೊಸ ಆಪರೇಟಿಂಗ್ ಸಿಸ್ಟಂ. ಹಳೆಯದರ ಮೇಲೆ ದೊಡ್ಡಕ್ಕನ ಕೈ ಕಣ್ಣುಮುಚ್ಚಿ ಓಡುತ್ತಿತ್ತು. ಎಲ್ಲಿ ಒತ್ತಿದರೆ ಏನು ತೆರೆಯುತ್ತದೆ, ಸಿಕ್ಕಿಹಾಕಿಕೊಂಡರೆ ಯಾವ ಮಗ್ಗುಲಿಗೆ ಒಂದು ಏಟು ಕೊಡಬೇಕು, ಎಲ್ಲ ಗೊತ್ತು. ಹೊಸದನ್ನು ಆನ್ ಮಾಡಿದರೆ ಪರದೆಯ ತುಂಬ ಒಂದು ಸರೋವರದ ಚಿತ್ರ. ಅಷ್ಟೇ.

"ಇದ್ರಲ್ಲಿ ಶುರು ಮಾಡೋದು ಎಲ್ಲಿಂದಪ್ಪ?" ಎಂದು ಜೋಡಿಸಲು ಬಂದಿದ್ದ ಕಂಪ್ಯೂಟರಿನವನನ್ನು ಕೇಳಿದಳು.

"ಎಲ್ಲಿಂದ ಬೇಕಾದ್ರೂ ಮಾಡ್ಬಹುದಮ್ಮ."

ಎಲ್ಲಿಂದ ಬೇಕಾದರೂ ಶುರು ಮಾಡಬಹುದಾದ ಕೆಲಸವನ್ನು ದೊಡ್ಡಕ್ಕ ಜನ್ಮದಲ್ಲಿ ಶುರು ಮಾಡಿದವಳಲ್ಲ. "ಹೊಸದು ಅಂದ ಮೇಲೆ ತಪ್ಪುಗಿಪ್ಪು ಇರುತ್ತೇನೋ?" ಅಂದಳು.

"ಇದ್ದೇ ಇರುತ್ತೆ. ಮೊದಲ ದೊಡ್ಡ ಅಪ್‌ಡೇಟ್ ಬಂದಾಗ ಸರಿಹೋಗುತ್ತೆ. ಕೆಲವರು ಅಲ್ಲೀವರೆಗೆ ಮುಟ್ಟೋದೇ ಇಲ್ಲ."

ಈ ಮಾತು ದೊಡ್ಡಕ್ಕನ ಕಿವಿಗೆ ಜೇನು ಸುರಿದ ಹಾಗಾಯಿತು. ನೋಡಿ, "ನನಗೆ ಹೆದರಿಕೆ" ಅಂದರೆ ಮರ್ಯಾದೆ ಹೋಗುತ್ತದೆ. "ಮೊದಲ ಅಪ್‌ಡೇಟ್ ಬರಲಿ, ನೋಡೋಣ" ಅಂದರೆ ಅದೇ ಮರ್ಯಾದೆ ವಾಪಸು ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ಮನೆಯಿಂದ ಒಂದು ಹೂವಿನ ಕಸೂತಿಯ ಬಟ್ಟೆ ತಂದು ಕಂಪ್ಯೂಟರಿಗೆ ಹೊದಿಸಿ, ದೊಡ್ಡಕ್ಕ ಹಳೆಯದರ ಮುಂದೆ ನೆಮ್ಮದಿಯಾಗಿ ಕೂತಳು.

"ದೊಡ್ಡಕ್ಕ, ನನ್ನ ಮನಸ್ಸಲ್ಲೂ ಇದೇ ಇತ್ತು ನೋಡಿ," ಅಂದರು ಸಾಹೇಬರು. ಸಾಹೇಬರ ಮನಸ್ಸಿನಲ್ಲಿ ಯಾವಾಗಲೂ ಬೇರೆಯವರು ಹೇಳಿ ಮುಗಿಸಿದ್ದೇ ಇರುತ್ತಿತ್ತು. ಅವರ ಅಪ್ಪಣೆಯಂತೆ ದೊಡ್ಡಕ್ಕನೇ ಸುತ್ತೋಲೆ ಬರೆದಳು:

"ಈ ಕಚೇರಿಗೆ ಬರುವ ಯಾವುದೇ ಹೊಸ ವಸ್ತು, ವಿಷಯ ಅಥವಾ ವ್ಯಕ್ತಿಯನ್ನು, ಅದರ ಮೊದಲ ದೊಡ್ಡ ಅಪ್‌ಡೇಟ್ ಬಂದು ಲೋಪದೋಷಗಳು ನಿವಾರಣೆಯಾಗುವ ತನಕ, ಅಂಗೀಕರಿಸತಕ್ಕದ್ದಲ್ಲ."

"ವ್ಯಕ್ತಿ" ಅಂತ ಸೇರಿಸುವ ಅಗತ್ಯವೇನೂ ಇರಲಿಲ್ಲ. ವಾಕ್ಯ ತೂಕವಾಗಿ ಕಾಣಲಿ ಅಂತ ಸೇರಿಸಿದ್ದು. ಅಡುಗೆ ಮುಗಿದ ಮೇಲೆ ಸುಮ್ಮನಿರಲಾರದೆ ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತೇವಲ್ಲ, ಹಾಗೆ.

ನಿಯಮ ಚೆನ್ನಾಗಿಯೇ ನಡೆಯಿತು. ಕೈ ತೊಳೆಯುವಲ್ಲಿ ಹಾಕಿದ್ದ ಹೊಸ ನಲ್ಲಿಯನ್ನು, ಅದು ಒಮ್ಮೆ ಸೋರಿ ರಿಪೇರಿಯಾಗುವ ತನಕ ಮುಟ್ಟಬಾರದೆಂದು ದಾರ ಕಟ್ಟಿದರು. ಯಾರೂ ತಿರುಗಿಸದ ನಲ್ಲಿ ಸೋರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಕಾದರು.

ಆಮೇಲೆ ಒಬ್ಬ ಅಪ್ಪ ಮಗುವಿನ ಜನನ ಬರೆಸಲು ಬಂದ. ಕಿಟಕಿಯಲ್ಲಿ ಕೂತಿದ್ದವನು ಮಿಂಚು. ಆ ಗುಮಾಸ್ತನಿಗೆ ಕೆಲಸದ ವೇಗ ನೋಡಿ ಇಟ್ಟ ಹೆಸರು ಅದು. ಗೋಡೆಯ ಸುತ್ತೋಲೆಯನ್ನು ಒಂದೊಂದೇ ಅಕ್ಷರ ಓದಿ ಮಿಂಚು ಹೇಳಿದ, "ಇದು ಹೊಸ ವ್ಯಕ್ತಿ."

"ಹೊಸದೇ ಸ್ವಾಮಿ. ಮೊನ್ನೆ ಹುಟ್ಟಿದ್ದು."

"ದೊಡ್ಡ ಅಪ್‌ಡೇಟ್ ಏನಾದ್ರೂ ಆಗಿದೆಯಾ?"

"ಹೊಕ್ಕುಳು ಬಿದ್ದಿದೆ."

"ಅದು ಕಮ್ಮಿಯಾಗಿದ್ದು. ಸೇರಿದ್ದು ಏನು?"

ಇದನ್ನು ತೀರ್ಮಾನಿಸಲು ಮೂವರ ಸಮಿತಿ ಸೇರಿತು. ಮಾತು ಬಂದರೆ ಅಪ್‌ಡೇಟ್ ಅಂತ ಮಿಂಚು. ಮದುವೆಯಾದ ಮೇಲೆಯೇ ಮನುಷ್ಯ ಸರಿಹೋಗುವುದು ಅಂತ ಸಾಹೇಬರು. "ಆದ ಮೇಲೂ ಕೆಲವರು ಹಾಗೇ ಇದಾರಲ್ಲ ಸಾಹೇಬ್ರೇ," ಅಂತ ಮಿಂಚು ಅವರನ್ನು ಬಿಟ್ಟು ಉಳಿದ ಎಲ್ಲ ಕಡೆ ನೋಡಿದ. ಕೊನೆಗೆ ದೊಡ್ಡಕ್ಕ ಅಂದಳು, "ಹಲ್ಲು ಅಂತ ಇಟ್ಕೊಳ್ಳಿ. ಬೆರಳು ಹಾಕಿದ್ರೆ ಗೊತ್ತಾಗುತ್ತೆ, ಸಾಕ್ಷಿ ಬೇಡ."

ಸತ್ತವರ ಕಡೆಯಿಂದ ತೊಂದರೆಯಿರಲಿಲ್ಲ. ಅವರಿಗೆ ಇನ್ನು ಅಪ್‌ಡೇಟ್ ಬರುವಂತಿಲ್ಲವಾದ್ದರಿಂದ ಅವರ ಕೆಲಸ ನಿಂತ ಕಾಲಲ್ಲೇ ಆಗುತ್ತಿತ್ತು. ಈ ಚುರುಕುತನವನ್ನು ಜನ ಮೆಚ್ಚಿದರು. ಹುಟ್ಟಿದವರ ತಾಯಂದಿರು ಹೊರಗಿನ ಬೆಂಚಿನಲ್ಲಿ ಒಬ್ಬರ ಮಗುವಿನ ವಸಡು ಒಬ್ಬರು ಮುಟ್ಟಿ ನೋಡಿ, "ನಿಮ್ಮದು ಇನ್ನೇನು ಹುಟ್ಟುತ್ತೆ ಬಿಡಿ," ಅಂತ ಧೈರ್ಯ ಹೇಳುತ್ತಿದ್ದರು.

ಹೀಗಿರುವಾಗ ದೊಡ್ಡಕ್ಕನ ಮಗಳು ಹೆತ್ತಳು. ಹೆಣ್ಣು ಮಗು. ಮಗಳದು ಔಷಧ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಕೆಲಸ, ಬಹಳ ಕಾದು ಗಿಟ್ಟಿಸಿಕೊಂಡದ್ದು. ಹೆರಿಗೆ ರಜೆ ಮುಗಿದ ದಿನ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು. ಕಾರ್ಖಾನೆಯ ಶಿಶುವಿಹಾರದವರೋ, ಜನನ ಸರ್ಟಿಫಿಕೇಟ್ ಇಲ್ಲದ ಮಗುವನ್ನು ಹೊಸ್ತಿಲು ದಾಟಿಸುವುದಿಲ್ಲ.

"ಅಮ್ಮ, ನೀನೇ ಬರೆಯೋದು, ನೀನೇ ಸೀಲು ಹೊಡೆಯೋದು," ಅಂದಳು ಮಗಳು, ರಜೆ ಮುಗಿಯುತ್ತ ಬಂದಾಗ.

"ಹಲ್ಲು ಬಂದಿದೆಯಾ?"

"ಹಲ್ಲಿಲ್ಲ, ಹೊಟ್ಟೆ ಇದೆ. ನನ್ನ ಕೆಲಸ ಹೋದ್ರೆ ಅದನ್ನ ತುಂಬಿಸೋರು ಯಾರು?"

"ಕಚೇರಿ ನಿಯಮ ಕಣೇ."

"ಕಚೇರಿ ಅಂದ್ರೆ ಯಾರಮ್ಮ?"

ದೊಡ್ಡಕ್ಕ ಮೊಮ್ಮಗಳ ಪಾದ ಸವರುತ್ತ ಕೂತಳು. ಕಚೇರಿ ಅಂದರೆ ತಾನೇ ಏನೋ ಎಂಬ ಅನುಮಾನ ಅವಳಿಗೆ ಅದೇ ಮೊದಲು ಬಂದದ್ದು.

ದಾರಿ ಇಲ್ಲದೆ ಇರಲಿಲ್ಲ. ಸುತ್ತೋಲೆ ಹುಟ್ಟಿದ್ದೇ ಹೊಸ ಸಿಸ್ಟಂನಿಂದ. ಅದು ಬಳಕೆಗೆ ಬಂದರೆ ಸುತ್ತೋಲೆ ತಾನಾಗಿ ಬಿದ್ದುಹೋಗುತ್ತಿತ್ತು. ಅಪ್‌ಡೇಟೂ ಆ ವಾರವೇ ಬಂತು. ಕಸೂತಿ ಬಟ್ಟೆ ಸರಿಸಿದರೆ ಪರದೆಯ ಮೇಲೆ: "ಮೊದಲ ದೊಡ್ಡ ಅಪ್‌ಡೇಟ್ ಸಿದ್ಧವಿದೆ. ಈಗಲೇ ಹಾಕಲೇ? ಆಮೇಲೆ ನೆನಪಿಸಲೇ?"

ಎಲ್ಲರೂ ಸುತ್ತ ನಿಂತರು. ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ. ದೊಡ್ಡಕ್ಕ ಬೆರಳು ಚಾಚಿದಳು. ಬೆರಳು ಹೋಯಿತು, ಧೈರ್ಯ ಜೊತೆಗೆ ಹೋಗಲಿಲ್ಲ.

"ಒತ್ತಿ ದೊಡ್ಡಕ್ಕ," ಅಂದರು ಸಾಹೇಬರು.

"ಸಾಹೇಬ್ರೇ, ಈ ಅಪ್‌ಡೇಟ್ ಬಂದಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

"ಅಂದ್ರೆ, ಹೊಸದು."

"ನನ್ನ ಮನಸ್ಸಲ್ಲೂ ಇದೇ ಇತ್ತು," ಅಂದರು ಸಾಹೇಬರು. ದೊಡ್ಡಕ್ಕ "ಆಮೇಲೆ" ಒತ್ತಿದಳು. ಹೊಸ ಸಿಸ್ಟಂನಲ್ಲಿ ಅವಳು ಮಾಡಿದ ಮೊದಲ ಕೆಲಸ ಅದು. ಎಷ್ಟು ಸಲೀಸಾಗಿ ಮಾಡಿದಳೆಂದರೆ ಅವಳಿಗೇ ಹೆಮ್ಮೆಯಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳಿರಲಿಲ್ಲ.

ರಜೆಯ ಕೊನೆಯ ದಿನ ಮಗಳು ಏದುಸಿರು ಬಿಡುತ್ತ ಬಂದಳು. ದೊಡ್ಡಕ್ಕ ಬೆರಳು ತೊಳೆದು ಮೊಮ್ಮಗಳ ಬಾಯಿಗಿಟ್ಟಳು. ಕಚ್ಚಿತು. ಅಕ್ಕಿಯ ನುಚ್ಚಿನಷ್ಟು, ಆದರೆ ಹಲ್ಲೇ. ದೊಡ್ಡಕ್ಕನ ಕಣ್ಣು ತುಂಬಿತು. ಸೀಲನ್ನು ಶಾಯಿಗೆ ಒತ್ತಿ ಮೇಲೆತ್ತಿದಳು.

"ದೊಡ್ಡಕ್ಕ," ಅಂದ ಮಿಂಚು, ಅವನಿಗೂ ಪಾಪ ಬೇಜಾರೇ, "ಇದು ಹಾಲುಹಲ್ಲು. ಬಿದ್ದುಹೋಗೋದು. ಈಗಷ್ಟೇ ಬಂದದ್ದು, ಹೊಸದು. ಅಪ್‌ಡೇಟೇ ಹೊಸದಾದ್ರೆ ಕಾಯಬೇಕು ಅಂತ ಮೊನ್ನೆ ನೀವೇ ಅಂದ್ರಿ."

ಎತ್ತಿದ ಸೀಲು ಎತ್ತಿದ ಹಾಗೇ ನಿಂತಿತು. ತನ್ನ ಮಾತು ಇಷ್ಟು ಚೆನ್ನಾಗಿ ಇನ್ನೊಬ್ಬರಿಗೆ ಅರ್ಥವಾದದ್ದು ಅವಳ ನೌಕರಿಯಲ್ಲೇ ಮೊದಲು. ಸೀಲನ್ನು ಮೆಲ್ಲಗೆ ಕೆಳಗಿಟ್ಟಳು. ಸಾಹೇಬರು ಅಲ್ಲೇ ಬರೆಸಿದರು: "ಹಾಲುಹಲ್ಲಿನ ಆಧಾರದ ಮೇಲೆ ಈವರೆಗೆ ಹುಟ್ಟಿದವರನ್ನು ತಾತ್ಕಾಲಿಕವಾಗಿ ಹುಟ್ಟಿದವರೆಂದು ಪರಿಗಣಿಸತಕ್ಕದ್ದು. ಇನ್ನು ಮುಂದೆ ಅವು ಬಿದ್ದು ಖಾಯಂ ಹಲ್ಲು ಬಂದ ನಂತರವೇ ಜನನ."

ಮಗಳು ಎರಡೂ ಸಾಲು ಕೇಳಿಸಿಕೊಂಡಳು. ಕೂಗಾಡಲಿಲ್ಲ. ಮಗುವನ್ನು ತಂದು ದೊಡ್ಡಕ್ಕನ ಮೇಜಿನ ಮೇಲೆ ಕೂರಿಸಿ, ಪಕ್ಕದಲ್ಲಿ ಹಾಲಿನ ಬಾಟಲಿ ಇಟ್ಟಳು.

"ಹುಟ್ಟದ ಮಗುವನ್ನ ಶಿಶುವಿಹಾರದವರು ತಗೊಳಲ್ಲ. ಯಾರು ಹುಟ್ಟಿಸಲ್ಲ ಅಂತಾರೋ ಅವರೇ ಇಟ್ಕೊಳ್ಳಲಿ. ನಾಳೆಯಿಂದ ಬೆಳಿಗ್ಗೆ ಬಿಡ್ತೀನಿ, ಸಂಜೆ ಶಿಫ್ಟು ಮುಗಿಸಿ ಬರ್ತೀನಿ."

ಬೆಂಚಿನ ತಾಯಂದಿರು ಇದನ್ನು ನೋಡಿದರು. ಮರುದಿನದಿಂದ ಮಿಂಚಿನ ಮೇಜಿನ ಮೇಲೂ ಮಕ್ಕಳು, ಸಾಹೇಬರ ಮೇಜಿನ ಮೇಲೂ ಮಕ್ಕಳು. ಸಾಹೇಬರ ಮನಸ್ಸಲ್ಲೂ ಇದೇ ಇದ್ದದ್ದರಿಂದ, ಆ ಮಕ್ಕಳನ್ನು ಬಾಕಿ ಕಡತಗಳೆಂದು ಘೋಷಿಸಲಾಯಿತು. ಮಧ್ಯಾಹ್ನ ಎಲ್ಲ ಬಾಕಿ ಕಡತಗಳಿಗೂ ಹಾಲು ಕುಡಿಸಿ ಮಲಗಿಸುತ್ತಾರೆ. ನಡೆಯಲು ಕಲಿತ ಕಡತಗಳನ್ನು ಸಂಬಂಧಪಟ್ಟ ಗುಮಾಸ್ತರು ಹುಡುಕಿ ತರುತ್ತಾರೆ. ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದವರು, ಬಾಕಿ ಕಡತಗಳನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಕಚೇರಿಯನ್ನು ತಾವು ಕಂಡಿಲ್ಲವೆಂದು ಬರೆದುಹೋದರು.

ಒಂದು ದಿನ ಒಬ್ಬ ಹೆಂಗಸು, ಮಾವ ತೀರಿಕೊಂಡದ್ದನ್ನು ಬರೆಸಲು ಬಂದವಳು, ದೊಡ್ಡಕ್ಕನ ತೊಡೆಯ ಮೇಲಿದ್ದ ಮಗುವಿನ ಕೆನ್ನೆ ಸವರಿದಳು.

"ಮುದ್ದಾಗಿದೆ ಅಕ್ಕ. ಎಷ್ಟು ತಿಂಗಳು?"

"ಇನ್ನೂ ಹುಟ್ಟಿಲ್ಲಮ್ಮ," ಅಂದಳು ದೊಡ್ಡಕ್ಕ, ಒಂದು ಕೈಯಲ್ಲಿ ಮೊಮ್ಮಗಳ ಜೊಲ್ಲು ಒರೆಸುತ್ತ, ಇನ್ನೊಂದರಲ್ಲಿ ಮಾವನಿಗೆ ಸೀಲು ಹೊಡೆಯುತ್ತ.

ಹೆಂಗಸು ಅರ್ಥವಾದವಳಂತೆ ತಲೆಯಾಡಿಸಿದಳು. "ಅವಸರವೇನಿದೆ ಬಿಡಿ ಅಕ್ಕ. ನಿಧಾನವಾಗಿ ಹುಟ್ಟಲಿ."