ಕಿತ್ತರೂ ನಿಲ್ಲದ ಶಿಳ್ಳೆ

ಜಮಖಂಡಿಯ ನಮ್ಮ ಕಾಲೇಜಿಗೆ ಹೊಸ ಭೌತಶಾಸ್ತ್ರ ಪ್ರಯೋಗಾಲಯ ಮಂಜೂರಾದಾಗ, ಅದರ ಮುಖ್ಯಸ್ಥ ನಾನೇ ಎಂದು ಬಾಗಿಲಿಗೆ ಹೆಸರಿನ ಫಲಕವನ್ನೂ ಬರೆಸಿಟ್ಟಿದ್ದೆ. ಅಷ್ಟರಲ್ಲಿ ಸುರೇಖಾ ಬಂದಳು! ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪಕ್ಕದ ಮೇಜಿನ ಸಹೋದ್ಯೋಗಿ. ಬನಹಟ್ಟಿಯ ನೇಕಾರರ ಮಗಳು. ನೂಲು ಮುಗಿದ ಖಾಲಿ ಕೋನುಗಳನ್ನು ಮನೆಯಿಂದ ಚೀಲಗಟ್ಟಲೆ ತಂದು, ದೊಡ್ಡ ಹಲಗೆಯ ಮೇಲೆ ಜೇನುಗೂಡಿನಂತೆ ಜೋಡಿಸಿದಳು. ಅದರ ಹೆಸರು 'ಶಬ್ದದ ಹರಳು' ಅಂತೆ; ದನಿ ಎಲ್ಲಿ ಹಾಯಬೇಕು, ಎಲ್ಲಿ ಹಾಯಬಾರದು ಎಂಬುದನ್ನು ಕೋನುಗಳ ಜೋಡಣೆಯೇ ತೀರ್ಮಾನಿಸುತ್ತದಂತೆ.

"ನಡುವ ದನಿ ಹೋಗೂದಿಲ್ರಿ ಸರ್. ಅಂಚು ಹಿಡದ ಅಷ್ಟ ಹೋಗತೈತಿ, ಮೂಲಿ ಬಂದ್ರೂ ತಿರಗತೈತಿ," ಎಂದಳು. ಮುಂದೆಯೂ ಏನೋ ಹೇಳಿದಳು. ನಾನು ಹೊಟ್ಟೆಕಿಚ್ಚಿನಲ್ಲಿ ಮಗ್ನನಾಗಿದ್ದೆ.

ಪ್ರಾಚಾರ್ಯರು ಕಣ್ಣರಳಿಸಿದರು. "ನಾಳಿ ಎಲ್ಲಾರ ಮುಂದ ತೋರಸ್ರಿ. ಛಲೋ ಆದ್ರ ಪ್ರಯೋಗಾಲಯ ನಿಮಗ!"

ಇವಳಿಗೆ ತರಂಗ ಎಂದರೇನೆಂದು ಕಲಿಸಿದವನು ನಾನು! ಸಂಜೆ ರೊಟ್ಟಿ ಮುರಿದು ಹಾಗೇ ತಾಟಿನಲ್ಲಿ ಬಿಟ್ಟೆ. "ಹೊಟ್ಟಿ ತುಂಬ ಕಿಚ್ಚ ಇದ್ರ ರೊಟ್ಟಿಗೆ ಜಾಗಾ ಎಲ್ಲೈತ್ರಿ?" ಎಂದು ಹೆಂಡತಿ ಶಾಂತಾ ತಾಟು ಎತ್ತಿಕೊಂಡು ಹೋದಳು.

ಮರುದಿನ ಎಲ್ಲರಿಗಿಂತ ಮೊದಲು ಕಾಲೇಜಿಗೆ ಹೋದೆ. ದನಿ ಓಡುವ ಅಂಚಿನಲ್ಲಿ ಒಂದು ಕೋನು ಕಿತ್ತೆ. ಸಾಲದೆನಿಸಿತು. ಇನ್ನೆರಡು ಕಿತ್ತೆ. ಮೂರನ್ನೂ ಕೋಟಿನ ಜೇಬಿಗೆ ತುರುಕಿ, ಸಭೆ ಸೇರಿದಾಗ ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತೆ.

ಹಲಗೆಯ ಈ ತುದಿಗೆ ಸುರೇಖಾ ಇಟ್ಟಿದ್ದ ಸ್ಪೀಕರು ಶಿಳ್ಳೆ ಹಾಕಿತು. ನಡುವಿನ ಮೈಕಿಗೆ ಏನೂ ಕೇಳಲಿಲ್ಲ. ಅಂಚಿನ ಕೊನೆಯ ಮೈಕಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿ, ಪರದೆಯ ಮೇಲೆ ದನಿ ತೋರಿಸುವ ಗೆರೆ ಎದ್ದು ಕುಣಿಯಿತು!

"ಇಲ್ಲಿ ಮೂರು ಕೋನು ಇಲ್ಲಲ್ರಿ?" ಪ್ರಾಚಾರ್ಯರು ಕೇಳಿದರು.

ಸುರೇಖಾ ಆ ಸಂದಿಯನ್ನು ನೋಡಿದಳು. ಆಮೇಲೆ ಉಬ್ಬಿದ ನನ್ನ ಜೇಬು ನೋಡಿದಳು. "ಇದ ಖರೆ ಮಜಾರಿ! ಅಂಚು ಹರದ್ರೂ ದನಿ ಬಳಸಿ ಮುಂದ ಹೋಗತೈತಿ ಅಂತ ನಿನ್ನೆ ಸರ್‌ಗೆ ಹೇಳಿದ್ದೆ. ಅದನ್ನ ತೋರಸಾಕ ಸರ್ ತಾವ ಕಿತ್ತಾರ!"

ಭಾರೀ ಚಪ್ಪಾಳೆ. "ಇನ್ನೊಂದ ಕೀಳ್ರಿ ಗುರುಗಳ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕಿತ್ತೆ. ಶಿಳ್ಳೆ ಆರಾಮವಾಗಿ ದಾಟಿಹೋಯಿತು.

ಪ್ರಯೋಗಾಲಯ ಅವಳಿಗಾಯಿತು. ಈಗ ಮುಧೋಳ, ಬೀಳಗಿಯ ಶಾಲೆಗಳಿಂದಲೂ ಕರೆ ಬರುತ್ತಿದೆ. ವಿವರಿಸುವವಳು ಅವಳು, ಕೋನು ಕೀಳುವವನು ನಾನು.

ಶಾಂತಾ ನನ್ನ ಕೋಟಿಗೆ ಇಸ್ತ್ರಿ ಮಾಡುತ್ತ ಅಂದಳು: "ಏನರ ಆಗ್ಲಿ, ನಿಮ್ಮ ಹೊಟ್ಟಿಕಿಚ್ಚಿಗೂ ಒಂದು ನೌಕರಿ ಸಿಕ್ಕಂಗಾತು!"