ಒಂದು ಚೀಲದ ಸದಸ್ಯತ್ವ

ಸತತ ಮೂರು ರಾತ್ರಿ ವಿಮಾನ ಹಾರಿಸಿದ ಮೇಲೆ ನಾಲ್ಕನೆಯ ರಾತ್ರಿಗೂ ಕರೆ ಬಂದಾಗ ಧರ್ಮರಾಜ ಕಂಪನಿಗೆ ಒಂದು ಸಾಲಿನ ಮೇಲ್ ಬರೆದ: 'ದಣಿದಿದ್ದೇನೆ, ಹಾರಿಸಲಾರೆ.' ದಣಿದ ಪೈಲಟ್ ಹಾಗೆ ತಿಳಿಸಬೇಕೆಂದು ಕಂಪನಿಯ ನಿಯಮಪುಸ್ತಕದಲ್ಲೇ ಇತ್ತು. ಅದನ್ನು ಪೂರ್ತಿ ಓದಿದವನು ಬಹುಶಃ ಅವನೊಬ್ಬನೇ.

ಬೆಳಿಗ್ಗೆ ಎರಡು ಸಾಲಿನ ಉತ್ತರ ಬಂದಿತ್ತು. ಕರ್ತವ್ಯ ನಿರಾಕರಿಸಿದ್ದಕ್ಕಾಗಿ ಕೆಲಸದಿಂದ ತೆಗೆದುಹಾಕಲಾಗಿದೆ. ಗುರುತಿನ ಚೀಟಿ ವಾಪಸು ಮಾಡುವುದು.

ಯೆರವಡಾದ ತನ್ನ ಮನೆಯ ಹಾಸಿಗೆಯ ಮೇಲೆ ಕುಳಿತೇ ಅವನು ಪೈಲಟ್‌ಗಳ ಯೂನಿಯನ್ ಕಾರ್ಯದರ್ಶಿ ಹರ್ಷಿತಾಗೆ ಫೋನ್ ಮಾಡಿದ.

"ಮೂರು ಸಲ ಫಾರ್ಮ್ ಕೊಟ್ಟಿದ್ದೆ ಧರ್ಮರಾಜ್. ನೀವೇನಂದ್ರಿ? ಯೂನಿಯನ್ನೆಲ್ಲ ಹಮಾಲರಿಗೆ, ನಮ್ಮಂಥವರಿಗಲ್ಲ ಅಂದ್ರಿ."

"ತಮಾಷೆಗೆ ಅಂದಿದ್ದೆ ಮೇಡಂ."

"ಸರಿ, ಈಗ ತುಂಬಿ ಕಳಿಸಿ. ಕಮಿಟಿ ಸೇರೋದು ಮುಂದಿನ ತಿಂಗಳು. ಅಷ್ಟು ಅರ್ಜೆಂಟ್ ಇದ್ರೆ ಹಮಾಲರನ್ನೇ ಕೇಳಿ!"

ಫೋನು ಸ್ಪೀಕರಿನಲ್ಲಿತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ಶರಣಮ್ಮನಿಗೆ ಅದು ಕೊಂಕು ಅನ್ನಿಸಲಿಲ್ಲ, ಸಲಹೆ ಅನ್ನಿಸಿತು. "ಆ ಹುಡುಗಿ ಖರೇ ಹೇಳ್ಯಾಳ," ಎಂದು ಹಿಟ್ಟಿನ ಕೈಯಲ್ಲೇ ತಮ್ಮನಿಗೆ ಫೋನ್ ಹಚ್ಚಿಬಿಟ್ಟಳು. ತಮ್ಮ ಕಾಶಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಹಮಾಲ. ಈಗ ಹನ್ನೆರಡು ಜನರ ಟೋಳಿಗೆ ಮುಕಾದಮ, ಅಂದರೆ ಮುಖಂಡ.

ಡ್ಯೂಟಿಯ ಕೈಚೀಲ ಹಿಡಿದೇ ಯಾರ್ಡಿಗೆ ಬಂದ ಧರ್ಮರಾಜನನ್ನು ಉಳ್ಳಾಗಡ್ಡಿ ಲಾರಿಯ ಪಕ್ಕ ನಿಲ್ಲಿಸಿಕೊಂಡು ಕಾಶಪ್ಪ ವಿಚಾರಣೆ ಶುರುಮಾಡಿದ.

"ತೆಗಿಯೂದಕ್ಕ ಮೊದಲ ನಿನ್ನ ಕರದು ಕೇಳಿದ್ರೇನು?"

"ಇಲ್ಲ ಮಾಮಾ."

"ನೋಟಿಸು?"

"ಅದೂ ಇಲ್ಲ."

"ಥೂ! ನಮ್ಮಲ್ಲಿ ಕೊಳತ ಉಳ್ಳಾಗಡ್ಡಿ ಒಗಿಬೇಕಾದ್ರೂ ಇಬ್ಬರು ಮೂಸಿ ನೋಡ್ತಾರ. ಇವತ್ತ ನಮ್ಮ ಸಂಘಕ್ಕ ಸೇರು."

"ನಾ ಹಮಾಲ ಅಲ್ಲಲ್ಲ ಮಾಮಾ?"

"ಒಂದು ಖೇಪಿಗೆ ಎಷ್ಟು ಮಂದಿ ಹೊರ್ತೀ?"

"ನೂರಾ ಎಂಬತ್ತು."

"ಸಾಮಾನು ಸಮೇತ?"

"ಸಮೇತ."

ಕಾಶಪ್ಪ ಟೋಳಿಯ ಕಡೆ ತಿರುಗಿದ. "ಕೇಳಿದ್ರೇನ್ರಪಾ? ನಮ್ಮಾಗ ಯಾವನರೆ ಇಷ್ಟು ಹೊತ್ತಾನೇನು?"

ಯಾರೂ ಹೊತ್ತಿರಲಿಲ್ಲ. ಧರ್ಮರಾಜನ ಅರ್ಹತೆ ಅಲ್ಲಿಗೆ ತೀರ್ಮಾನವಾಯಿತು. ಸಂಘಕ್ಕೆ ಇದ್ದ ನಿಯಮಗಳು ಎರಡೇ. ಹೊಸಬ ಎಲ್ಲರ ಮುಂದೆ ಒಂದು ಚೀಲ ಹೊತ್ತು ಅಂಗಡಿ ಮುಟ್ಟಿಸಬೇಕು. ಟೋಳಿಯಲ್ಲಿ ಒಬ್ಬನಿಗೆ ಕೈಲಾಗದಿದ್ದರೆ ಅವನ ಸರದಿಯನ್ನು ಇನ್ನೊಬ್ಬ ಹೊರಬೇಕು. ಸರದಿ ಖಾಲಿ ಹೋಗಕೂಡದು.

"ಎರಡನೇದು ಭಾಳ ಚೊಲೋ ಅದ," ಎಂದ ಧರ್ಮರಾಜ. ಮೊದಲನೆಯದನ್ನು ಆಗಲೇ ಇಬ್ಬರು ಎತ್ತಿ ಅವನ ಬೆನ್ನ ಮೇಲೆ ಇಟ್ಟಿದ್ದರು. ಐವತ್ತು ಕಿಲೋ.

ಅವನು ರನ್‌ವೇ ಮೇಲಿನ ವಿಮಾನದಂತೆ ಮುಂದಕ್ಕೆ ಓಡಿದ, ಮೇಲೇಳಲಿಲ್ಲ ಅಷ್ಟೆ. ಎಮ್ಮೆಯೊಂದು ಮರ್ಯಾದೆಯಿಂದ ದಾರಿ ಬಿಟ್ಟಿತು. ಅಂಗಡಿಯ ಕಟ್ಟೆಯ ಮೇಲೆ ಚೀಲ ಇಳಿದಾಗ ಬೆನ್ನಿನಲ್ಲಿ ಏನೋ 'ಕಟಕ್' ಎಂದಿತು. ಚಪ್ಪಾಳೆಯ ಗದ್ದಲದಲ್ಲಿ ಅದು ಕೇಳಿಸಿದ್ದು ಅವನೊಬ್ಬನಿಗೇ. ಕಾಶಪ್ಪ ಅವನ ಅಂಗಿಗೆ ಹಮಾಲರ ಹಿತ್ತಾಳೆ ಬಿಲ್ಲೆ ಚುಚ್ಚಿದ.

ಆಮೇಲೆ ಎಲ್ಲ ಬಹಳ ಬೇಗ ನಡೆಯಿತು. ಧರ್ಮರಾಜನ ಕಂಪನಿಯ ವಿಮಾನದಲ್ಲಿ ದಿಲ್ಲಿಗೆ ಹೋಗಬೇಕಿದ್ದ ದಾಳಿಂಬೆಗೆ ಹಮಾಲರು ಕೈ ಹಚ್ಚಲಿಲ್ಲ. ಒಂದು ಟೋಳಿ ಕೂತದ್ದು ನೋಡಿ ಉಳಿದವೂ ಕೂತವು. ವ್ಯಾಪಾರಿಗಳು ಬೊಬ್ಬೆ ಹಾಕಿದರು. ಮಧ್ಯಾಹ್ನ ಮೂರಕ್ಕೆ ಕಂಪನಿಯ ಅಧಿಕಾರಿ ಪ್ರಲ್ಹಾದ ಮಗರಪಟ್ಟಾದ ಆಫೀಸಿನಿಂದ ಬೆವರುತ್ತ ಬಂದಿಳಿದ. ಎದುರಿಗೆ ಧರ್ಮರಾಜ ಸೊಂಟದಿಂದ ಪೂರ್ತಿ ಬಗ್ಗಿ ನಿಂತಿದ್ದ. ಅದನ್ನು ನಮಸ್ಕಾರವೆಂದು ತಿಳಿದ ಪ್ರಲ್ಹಾದ ಕರಗಿಹೋದ. ಇಷ್ಟೊಂದು ಬಗ್ಗಬೇಡಿ, ನನಗೇ ಸಂಕೋಚವಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿ, ದಾಳಿಂಬೆ ಪೆಟ್ಟಿಗೆಯ ಮೇಲೆಯೇ ಪತ್ರ ಬರೆದುಕೊಟ್ಟ. ವಜಾ ಆದೇಶ ರದ್ದು. ಇಂದು ಸಂಜೆ ಆರೂವರೆಯ ದಿಲ್ಲಿ ವಿಮಾನಕ್ಕೆ ಹಾಜರಾಗಬೇಕು. ಹಾಜರಾಗದಿದ್ದರೆ ತಾನಾಗಿಯೇ ಕೆಲಸ ಬಿಟ್ಟಂತೆ.

ಹಮಾಲರು ಕುಣಿದರು. ಪ್ರಲ್ಹಾದನ ಕಾರು ಹೊರಟುಹೋಯಿತು.

"ಇನ್ನ ನೆಟ್ಟಗ ನಿಂದ್ರಲೇ ಅಳಿಯಾ. ಸಾಹೇಬ ಹ್ವಾದ."

"ನಿಂದ್ರಾಕ ಬರವಲ್ದು ಮಾಮಾ."

ಎಣ್ಣೆ ತಿಕ್ಕಿದರು. ಇಬ್ಬರು ಕಾಲು ಹಿಡಿದು, ಇಬ್ಬರು ತೋಳು ಹಿಡಿದು ಎಳೆದರು. ಧರ್ಮರಾಜ ಮಡಚುವ ಕುರ್ಚಿಯಂತೆ ಮತ್ತೆ ಮಡಚಿಕೊಂಡ. ಐದು ಗಂಟೆಯಾಯಿತು. ಬಗ್ಗಿದಲ್ಲಿಂದಲೇ ಮೊಬೈಲ್ ತೆಗೆದು 'ಬೆನ್ನು ಹಿಡಿದಿದೆ, ಹಾರಿಸಲಾರೆ' ಎಂದು ಬರೆದ. ನಿನ್ನೆಯ ಮೇಲ್‌ನಲ್ಲಿ ದಣಿವು ಇದ್ದ ಜಾಗಕ್ಕೆ ಬೆನ್ನು ಬಂದಿತ್ತು. ಕಳಿಸುವ ಮುನ್ನ ಇನ್ನೊಮ್ಮೆ ಓದಿದ.

"ಅದೇನ್ ಒತ್ತಾಕತ್ತೀ? ಚಿಂತಿ ಬ್ಯಾಡ," ಕಾಶಪ್ಪ ಅವನ ಬೆನ್ನು ತಟ್ಟಿದ. ಧರ್ಮರಾಜ ಕಿರುಚಿದ. "ನಾ ಆಗಳೇ ಪ್ರಲ್ಹಾದ ಸಾಹೇಬ್ರಿಗೆ ಫೋನ್ ಮಾಡಿ ಹೇಳೇನಿ, ಇವತ್ತ ಅವ ಬರಂಗಿಲ್ಲ ಅಂತ."

"ಅಯ್ಯೋ ಮಾಮಾ! ಹಂಗ್ಯಾಕ ಹೇಳ್ದಿ?"

ಕೈಯಲ್ಲಿದ್ದ ಮೊಬೈಲ್ 'ಟಿಂಗ್' ಎಂದಿತು. ಎರಡೇ ಸಾಲು. ಬೆಳಿಗ್ಗೆಯ ವಜಾ ಆದೇಶವೇ.

ಕಾಶಪ್ಪ ಅದನ್ನು ನೋಡಲಿಲ್ಲ. ಅವನು ಅಳಿಯನ ಕೈಚೀಲದಿಂದ ಪೈಲಟ್ ಟೊಪ್ಪಿಗೆ ತೆಗೆದು, ಧೂಳು ಕೊಡವಿ, ತನ್ನ ತಲೆಗೆ ಇಟ್ಟುಕೊಳ್ಳುತ್ತಿದ್ದ.

"ಸರದಿ ಖಾಲಿ ಬಿಡ್ತೀವೇನು? ನಿನ್ನ ಬದಲಿ ನಾ ಬರ್ತೀನಿ ಅಂತನೂ ಹೇಳೇನಿ. ಹೊತ್ತಾತು, ಹೇಳು ಲಗೂನ, ಆ ವಿಮಾನ ಎಡಕ್ಕ ತಿರುಗಸೂದು ಹೆಂಗ?"